ಎಡದಿಂದ ಬಲಕ್ಕೆ

ಹೆದ್ದಾರಿಗೆ ಶಾಲೆಯ ಮುಂಭಾಗ ಹೋಗುತ್ತದೆಂದು
ಆಫೀಸಿನ ಕಪಾಟು ಹೊರಗಿಟ್ಟಾಗ
ಗೆದ್ದಲು ತಿಂದು ಉಳಿಸಿದ್ದು ಇದೊಂದು ಪಟ:
ಏಳನೇ ಕ್ಲಾಸು, ಸಾವಿರದ ಒಂಬೈನೂರ ಎಪ್ಪತ್ತೊಂದು.
ಮೊಯ್ದು ಅದನ್ನು ಬೈರಾಸಿನಲ್ಲಿ ಸುತ್ತಿ ತಂದ,
ಮೀಯಿಸಿದ ಮಗುವಿನ ಹಾಗೆ.
ಬಂದ್ಯೋಡಿನ ಅವನ ಚಾದಂಗಡಿಯ ಬೆಂಚಿನಲ್ಲಿ
ಆರು ನರೆತಲೆ ಸೇರಿ ಬಗ್ಗಿದೆವು.
ಕನ್ನಡಕ ಇದ್ದದ್ದು ಎರಡೇ, ಸರತಿಯಲ್ಲಿ ಹಾಕಿಕೊಂಡೆವು.

ಆ ವರ್ಷ ತಟ್ಟಿಯ ಈಚೆ ಕನ್ನಡ, ಆಚೆ ಮಲಯಾಳ.
ಕಮಲಾಕ್ಷ ಮಾಸ್ಟ್ರು ಏಳೆಂಟ್ಲಿ ಐವತ್ತಾರು ಎಂದರೆ
ದಾಕ್ಷಾಯಣಿ ಟೀಚರ ಕಡೆಯಿಂದ ಅಂಬತ್ತಾರ್ ತೇಲಿ ಬರುತ್ತಿತ್ತು.
ಮನೆಗೆ ಹೋಗಿ ತುಳುವಿನಲ್ಲಿ ತಪ್ಪುತ್ತಿದ್ದೆವು.
ಫೋಟೋದವನಲ್ಲಿ ಉಳಿದದ್ದು ಒಂದೇ ಪ್ಲೇಟು;
ಎರಡು ಕ್ಲಾಸನ್ನೂ ಅಂಗಳದಲ್ಲಿ ಒಟ್ಟಿಗೆ ನಿಲ್ಲಿಸಿದರಂತೆ.

ಪಟದ ಬೆನ್ನಿಗೆ ಹೆಸರುಗಳು. ಮೊಯ್ದುವಿನದೇ ಅಕ್ಷರ,
ಹಾಜರಿ ಪುಸ್ತಕ ನೋಡಿ ಬರೆದದ್ದು.
ಓದುತ್ತ ಹೋದರೆ ಹಿಲ್ಡಾಳಿಗೆ ಮೀಸೆ ಚಿಗುರಿದೆ,
ಐತಪ್ಪನಿಗೆ ಎರಡು ಜಡೆ, ರಿಬ್ಬನು.
ಕುರ್ಚಿಯಲ್ಲಿ ಮಾಸ್ಟ್ರಿಗೆ ಟೀಚರ ಹೆಸರು, ಟೀಚರಿಗೆ ಮಾಸ್ಟ್ರದು.
ಕುಂಞಂಬು ರೇಗಿದ: ಇದು ಯಾವ ಶಾಲೆ ಮಾರಾಯಾ?
ಮೊಯ್ದು ಗಡ್ಡ ತುರಿಸಿ ಬಹಳ ಹೊತ್ತಿನ ಮೇಲೆ ಹೇಳಿದ:
ಬೆಳಿಗ್ಗೆ ಆರಕ್ಕೆ ಮದ್ರಸ, ಹತ್ತಕ್ಕೆ ಶಾಲೆ.
ಅವತ್ತು ಕಣ್ಣು ಬಲದಿಂದ ಹೊರಟಿರಬೇಕು.

ಐವತ್ತು ವರ್ಷ ಕಪಾಟಿನ ಕತ್ತಲಲ್ಲಿ
ಒಬ್ಬರ ಹೆಸರಲ್ಲಿ ಇನ್ನೊಬ್ಬರು ಇದ್ದೆವು.
ಈಗ ಎಲ್ಲರನ್ನೂ ಅವರವರ ಮುಖಕ್ಕೆ ಬಿಟ್ಟೆವು.
ಕೊನೆಯವರು ಮೊದಲಾದರು ಎಂದು ಹಿಲ್ಡಾ ನಕ್ಕಳು.
ಸಾಲಿನ ನಟ್ಟನಡುವಿನವರು ಮಾತ್ರ ಅಲುಗಲಿಲ್ಲ.

ಮೂರನೇ ಸಾಲಿನ ನಡುವೆ: ವಾರಿಜ.
ಅಂದರೆ ನಾನು.
ನೋಡು, ಆಗಲೂ ಹಣೆ ಗಂಟಿಕ್ಕಿದ್ದಿ, ಎಂದರು.
ಅದೇ ಮೂಗು, ಎಂದರು.
ನಿನ್ನ ಪುಳ್ಳಿಗೂ ಅದೇ ಎಂದು ಐತಪ್ಪ ಆಣೆ ಹಾಕಿದ.

ನಾನು ಚಾ ಆರಿಸಿದೆ.

ಅವತ್ತು ಬುಧವಾರ. ಅಮ್ಮನಿಗೆ ಜ್ವರ.
ಸಾವಿರ ಬೀಡಿ, ಇಪ್ಪತ್ತೈದರ ಕಟ್ಟು ನಲವತ್ತು,
ಬುಟ್ಟಿಯಲ್ಲಿ ಹೊತ್ತು ಬ್ರಾಂಚಿಗೆ ನಡೆದಿದ್ದೆ.
ಎಲೆ ಒಡೆದಿದೆ ಎಂದು ಎರಡು ಕಟ್ಟು ಹೊರಗೆಸೆದರು.
ಆ ಎರಡು ಕಟ್ಟು ಈ ಪಟಕ್ಕಿಂತ ಸ್ಪಷ್ಟ.

ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಸಂದು,
ಚಂದ ಕಾಣುವುದಿಲ್ಲ ಎಂದನಂತೆ ಕಪ್ಪು ಬಟ್ಟೆಯೊಳಗಿಂದ ಫೋಟೋದವನು.
ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಬಂದು ನಿಂತವಳು ಚಿರುತೆ.
ಶಾಲೆಗೆ ನೀರು ತರುವವಳು, ನಮ್ಮದೇ ಪ್ರಾಯ.
ಹೆಸರು ಯಾವ ಹಾಜರಿಯಲ್ಲೂ ಇಲ್ಲ,
ತಟ್ಟಿಯ ಎರಡೂ ಬದಿಗೆ ಬರುತ್ತಿದ್ದವಳು ಅವಳೊಬ್ಬಳೇ.
ಮರುದಿನ ಅವಳೇ ಹೇಳಿದ್ದು ನನಗೆ:
ನಿನ್ನ ಜಾಗ ಹಾಳು ಮಾಡಲಿಲ್ಲ,
ಉಸಿರು ಹಿಡಿದು ನಿಂತಿದ್ದೆ.

ನೋಡಿದರೆ ಕಾಣುತ್ತದೆ, ರವಿಕೆಯ ಬಲ ಹೆಗಲು ಒದ್ದೆ.

ಸುಮ್ಮನಿರಬಹುದಿತ್ತು.
ಚಿಕ್ಕಂದಿನ ಒಂದು ಪಟವೂ ನನ್ನಲ್ಲಿಲ್ಲ,
ಈ ಮುಖ ಇಟ್ಟುಕೊಂಡರೆ ಕೇಳುವವರು ಯಾರು?
ಪುಳ್ಳಿಗೆ ತೋರಿಸಬಹುದು. ಮೂಗೂ ಹೊಂದುತ್ತದೆ.

ಹೇಳಿದೆ. ಇದು ನಾನಲ್ಲ, ಚಿರುತೆ.

ಯಾರಿಗೂ ನೆನಪಾಗಲಿಲ್ಲ.
ರಸ್ತೆಗೆ ಮಣ್ಣು ಹೊತ್ತ ಲಾರಿ ಹೋಯಿತು, ಮತ್ತೊಂದು ಹೋಯಿತು.
ಆಮೇಲೆ ಪದ್ಮಯ ಬೆಳ್ಚಪ್ಪಾಡ, ತನ್ನಷ್ಟಕ್ಕೆ, ಆಗಿನ ರಾಗದಲ್ಲಿ:
ಚಿರತೆ ಬಂತು, ಚಿರತೆ ಬಂತು, ಕೊಡ ಹೊತ್ತು ಬಂತು.
ಎಲ್ಲರ ಬಾಯಿಗೂ ಬಂತು, ನನ್ನ ಬಾಯಿಗೂ.
ಕೂಗಿ ಓಡುತ್ತಿದ್ದೆವಲ್ಲ, ತಟ್ಟಿಯ ಈಚೆಯವರು;
ಆಚೆಯವರು ಅರ್ಥವಾಗದೆಯೂ ನಗುತ್ತಿದ್ದರು.
ಈಗಲೂ ನಕ್ಕೆವು. ನಗು ಅರ್ಧಕ್ಕೆ ನಿಂತಿತು.

ಆ ನೀರು ಎಷ್ಟು ತಂಪಿತ್ತು, ಎಂದಳು ಹಿಲ್ಡಾ.

ಮೊಯ್ದು ಪೆನ್ನು ತೆಗೆದ. ನನ್ನ ಹೆಸರು ಹೊಡೆದುಹಾಕಲಿಲ್ಲ,
ಪಕ್ಕದಲ್ಲಿ ಜಾಗವಿರಲಿಲ್ಲ,
ಎರಡು ಸಾಲಿನ ನಡುವೆ ನುಸುಳಿಸಿ ಬರೆಯತೊಡಗಿದ.
ಚಿರು, ಎಂದು ಬರೆದು ತಡೆದು ನನ್ನತ್ತ ನೋಡಿದ:
ತೆಯೋ, ದೆಯೋ?
ಕೇಳಿ ಬರೆಯೋಣವೆಂದರೆ
ಅವಳು ಇದ್ದಾಳೋ, ಎಲ್ಲಿದ್ದಾಳೋ,
ನನಗೂ ಗೊತ್ತಿರಲಿಲ್ಲ.